ಹಳೆಯ ಕಪ್‌ಗಳ ಮರುಹಂಚಿಕೆ ಕೋರಿ ಬೋನಾಳದಿಂದ ಒಂದು ಅರ್ಜಿ

ಗೆ,
ರಣಜಿ ಟ್ರೋಫಿ ಮೊದಲಾದ ಪಂದ್ಯಾವಳಿಗಳ ದಾಖಲೆ ಪುಸ್ತಕ ಬರೆದಿಡುವ ಮಹನೀಯರಿಗೆ,
ಕಚೇರಿ ಎಲ್ಲಿದೆಯೋ ಅಲ್ಲಿಗೆ.

ವಿಷಯ: ಹಿಂದಿನ ವರ್ಷಗಳ ಕಪ್‌ಗಳನ್ನು ಎಲ್ಲರಿಗೂ ಸಿಗುವಂತೆ ಮರುಹಂಚಿಕೆ ಮಾಡುವ ಕುರಿತು.
ಉಲ್ಲೇಖ: ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ನಡೆದುಬಂದ ಪದ್ಧತಿ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು, ಬೋನಾಳದ ಕಾಯಂ ರಹವಾಸಿ. ಊರಲ್ಲಿ ಎಲ್ಲರೂ ಕ್ಷೇಮ. ಕೆರೆಯಲ್ಲಿ ನೀರಿದೆ, ನೀರಲ್ಲಿ ಹಕ್ಕಿಗಳಿವೆ. ಕೊರತೆ ಇರುವುದು ಒಂದೇ, ಕಪ್‌ನದು.

ನಮ್ಮೂರಿಗೆ ಎರಡನೇ ಸ್ಥಾನದ ಅಭ್ಯಾಸ ಹೊಸದಲ್ಲ. ಬೋನಾಳದ ಬಗ್ಗೆ ಬರೆಯುವವರೆಲ್ಲ ‘ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ’ ಎಂದೇ ಶುರು ಮಾಡುತ್ತಾರೆ. 2022ರಲ್ಲಿ ರಂಗನತಿಟ್ಟಿಗೆ, ಮಹತ್ವದ ಜೌಗುಭೂಮಿಗಳಿಗೆ ಕೊಡುವ ರಾಮ್ಸಾರ್ ಪಟ್ಟ ಬಂತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಬಂತು. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿಯೇ ಬರುತ್ತವೆ, ಮಾಗಡಿಗೆ ಹೋಗುವವೂ ಅದನ್ನೇ ದಾಟುತ್ತವೆ. ಪಟ್ಟ ಮಾತ್ರ ನಮ್ಮ ದಾರಿ ಬಿಟ್ಟು ಹೋಯಿತು. ಇನ್ನು ಕೆರೆ ಕಟ್ಟಿಸಿದ್ದು ಸುರಪುರದ ನಾಯಕ ದೊರೆಗಳು ಎಂದು ಅರ್ಧ ಊರು ಹೇಳಿದರೆ, 1840ರ ದಶಕದಲ್ಲಿ ಸುರಪುರದ ಉಸ್ತುವಾರಿಗೆ ಬಂದ ಮೆಡೋಸ್ ಟೇಲರ್ ಸಾಹೇಬರು ಎಂದು ಇನ್ನರ್ಧ ಊರು ಹೇಳುತ್ತದೆ. ಜಗಳ ಬೇಡವೆಂದು ಇಬ್ಬರನ್ನೂ ಜಂಟಿ ವಿಜೇತರೆಂದು ಒಪ್ಪಿಕೊಂಡಿದ್ದೇವೆ. ಹೀಗಾಗಿ ಪಟ್ಟ ಹಂಚುವ ವಿದ್ಯೆಯಲ್ಲಿ ನಮಗೂ ಸ್ವಲ್ಪ ಅನುಭವ ಉಂಟು ಎಂದು ತಿಳಿಯಬೇಕು.

ಈ ಅರ್ಜಿಗೆ ಧೈರ್ಯ ಬಂದದ್ದು ಅಮೆರಿಕದಿಂದ. ಅಲ್ಲಿಯ ಕಾಲೇಜು ಫುಟ್‌ಬಾಲಿನಲ್ಲಿ ಎಷ್ಟೋ ಕಾಲ ಫೈನಲ್ ಎಂಬುದೇ ಇರಲಿಲ್ಲ. ಪತ್ರಕರ್ತರು ಮತ ಹಾಕಿ ಒಬ್ಬ ಚಾಂಪಿಯನ್ನನ್ನು ಆರಿಸಿದರೆ ತರಬೇತುದಾರರು ಇನ್ನೊಬ್ಬನನ್ನು ಆರಿಸುತ್ತಿದ್ದರು, ಲೆಕ್ಕದ ಮೇಷ್ಟ್ರು ಸೂತ್ರ ಹಾಕಿ ಮೂರನೆಯವನನ್ನು ತೆಗೆಯುತ್ತಿದ್ದರು. ಆದ್ದರಿಂದ ಹಳೆಯ ವರ್ಷಗಳನ್ನು ಈಗಲೂ ಹೊಲದ ಬದುವಿನಂತೆ ಚೂರು ಚೂರೇ ಒತ್ತುತ್ತಾ ಹೋಗಬಹುದು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ 2012ರಲ್ಲಿ ಜ್ಞಾನೋದಯವಾಗಿ, 1919 ಮತ್ತು 1927ರ ಕಪ್‌ಗಳೂ ತನ್ನವೇ ಎಂದು ಕ್ರೀಡಾಂಗಣದ ಮೇಲೆ ಬರೆಸಿಕೊಂಡಿತು. ಒಕ್ಲಹೋಮ ಸ್ಟೇಟ್ ತಂಡಕ್ಕೆ 1945ರ ಕಪ್ಪನ್ನು ತರಬೇತುದಾರರ ಸಂಘ 2016ರಲ್ಲಿ ಕರೆದು ಕೊಟ್ಟಿತು. 71 ವರ್ಷ ತಡವಾಗಿ ಬಂದ ಕಪ್. ನಮ್ಮ ಕಡೆ ಬೆಳೆ ಪರಿಹಾರವೂ ಅಷ್ಟು ತಡವಾಗುವುದಿಲ್ಲ. 2017ರಲ್ಲಿ ಸೆಂಟ್ರಲ್ ಫ್ಲೋರಿಡಾದವರು ಆಡಿದ 13 ಪಂದ್ಯಗಳನ್ನೂ ಗೆದ್ದರು. ಯಾರೂ ಕಪ್ ಕೊಡಲಿಲ್ಲವೆಂದು ತಾವೇ ಘೋಷಿಸಿಕೊಂಡು ಮೆರವಣಿಗೆ ಹೊರಟರು.

ಅವರಿಗೆ ಸಲ್ಲುವುದು ನಮಗೇಕೆ ಸಲ್ಲಬಾರದು? ರಣಜಿ ಟ್ರೋಫಿಯನ್ನೇ ನೋಡಿ. 1934ರಲ್ಲಿ ಶುರುವಾದ ಪಂದ್ಯಾವಳಿಯಲ್ಲಿ ಮುಂಬಯಿ ಒಂದೇ 42 ಸಲ ಗೆದ್ದಿದೆ. 1958-59ರಿಂದ 1972-73ರವರೆಗೆ ಬಿಟ್ಟೂಬಿಡದೆ 15 ವರ್ಷ ಕಪ್ ಅವರ ಮನೆಯ ಗೂಡಿನಲ್ಲೇ ಇತ್ತು. ಒಂದೇ ಮನೆಯಲ್ಲಿ ಇಷ್ಟು ದಾಸ್ತಾನು ಇಟ್ಟುಕೊಳ್ಳಲು ಅಕ್ಕಿಯ ವ್ಯಾಪಾರಿಯನ್ನೂ ಸರ್ಕಾರ ಬಿಡುವುದಿಲ್ಲ.

ಈಗ ನಮ್ಮ ಹಕ್ಕಿನ ವಿವರ. ದಯವಿಟ್ಟು ನಕಾಶೆ ತೆಗೆದಿಟ್ಟುಕೊಳ್ಳಿ.

1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತು ಸಂಸ್ಥಾನ ಕಳೆದುಕೊಂಡರು. ಎರಡು ವರ್ಷದ ಮೇಲೆ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಉಡುಗೊರೆಯಾಗಿ ಕೊಟ್ಟರು. ಅಲ್ಲಿಂದ 1948ರವರೆಗೆ ನಾವು ನಿಜಾಮರ ಪ್ರಜೆಗಳು, 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಹೈದರಾಬಾದ್ ರಾಜ್ಯದವರು. 1937-38ರಲ್ಲಿ ಹೈದರಾಬಾದ್ ತಂಡ ನವಾನಗರವನ್ನು ಒಂದೇ ವಿಕೆಟ್‌ನಿಂದ ಸೋಲಿಸಿ ರಣಜಿ ಗೆದ್ದಾಗ ಬೋನಾಳ ಎಲ್ಲಿತ್ತು? ಗುಲಬರ್ಗಾ ಜಿಲ್ಲೆಯಲ್ಲಿ, ಅಂದರೆ ಹೈದರಾಬಾದ್ ರಾಜ್ಯದಲ್ಲಿ. ಆ ಕಪ್ ನಮ್ಮದು. 1950ರಿಂದ 1954ರವರೆಗೆ ತರಬೇತುದಾರ ರಹೀಂ ಸಾಹೇಬರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಸತತ ಐದು ಸಲ ರೋವರ್ಸ್ ಕಪ್ ಫುಟ್‌ಬಾಲ್ ಗೆದ್ದಿತು. ಅವೂ ನಮ್ಮವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅದು ಕರ್ನಾಟಕವಾದ ಮೇಲೆ ಗೆದ್ದ 8 ರಣಜಿಗಳೂ ನಮ್ಮವು. ಸಂತೋಷ್ ಟ್ರೋಫಿ ಫುಟ್‌ಬಾಲಿನಲ್ಲಿ ಮೈಸೂರು 1946-47 ಮತ್ತು 1952-53ರಲ್ಲೇ ಗೆದ್ದಿತ್ತು. ಆಗ ನಾವು ಆ ರಾಜ್ಯದಲ್ಲಿ ಇರಲಿಲ್ಲ, ನಿಜ. ಆದರೆ ಸೊಸೆ ಮನೆಗೆ ಬಂದಮೇಲೆ ಹಳೆಯ ಒಡವೆಯಲ್ಲೂ ಪಾಲಿಲ್ಲವೇ? 1967-68, 1968-69 ಸೇರಿಸಿ, 54 ವರ್ಷ ಕಾದು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದನ್ನೂ ಸೇರಿಸಿದರೆ ಐದು.

ಒಟ್ಟು: ರಣಜಿ 9, ಸಂತೋಷ್ ಟ್ರೋಫಿ 5, ರೋವರ್ಸ್ 5. ಹತ್ತೊಂಬತ್ತು ಕಪ್. 1986-87ರಲ್ಲಿ ಹೈದರಾಬಾದ್ ಮತ್ತೆ ಗೆದ್ದ ರಣಜಿಯನ್ನು ನಾವು ಕೇಳುತ್ತಿಲ್ಲ. ಆಗ ನಾವು ಅಲ್ಲಿರಲಿಲ್ಲ. ನಾವು ಪ್ರಾಮಾಣಿಕರು. ಸುರಪುರದ ದೊರೆಗಳು ತಲೆಮಾರುಗಟ್ಟಲೆ ನಿಜಾಮರಿಗೆ ಕಪ್ಪ ಕಟ್ಟಿದವರು. ಕಪ್ಪ ಕೊಟ್ಟವರು ಕಪ್ ಕೇಳಿದರೆ ತಪ್ಪೇನು?

ಇಷ್ಟಕ್ಕೇ ಅರ್ಜಿ ಮುಗಿಸಬಹುದಿತ್ತು. ಆದರೆ 1981-82ರ ಗಾಯವೊಂದಿದೆ. ಆಗ ನನಗೆ ಮೀಸೆ ಮೂಡುವ ವಯಸ್ಸು. ಪತ್ರಿಕೆ ಸುರಪುರದ ಬಸ್ಸಿನಲ್ಲಿ ಬರುತ್ತಿತ್ತು. ದೆಹಲಿಯಲ್ಲಿ ರಣಜಿ ಫೈನಲ್. ಬ್ರಿಜೇಶ್ ಪಟೇಲ್, ಕಿರ್ಮಾನಿ, ಬಿನ್ನಿ ಮೂವರೂ ಶತಕ ಹೊಡೆದರು, ಕರ್ನಾಟಕ 705. ಆ ಅಂಕಿಯನ್ನು ನಾನು ಕಟ್ಟೆಯ ಮೇಲೆ ಕೂತವರಿಗೆಲ್ಲ ಓದಿ ಹೇಳಿದೆ. ‘ಏಳು ನೂರಾ ಐದು? ಕ್ವಿಂಟಾಲಾ?’ ಎಂದು ಒಬ್ಬರು ಕೇಳಿದರು. ಕಪ್ ಬಂದಂತೆಯೇ ಎಂದು ಚಹಾ ಕುಡಿಸಿದೆ. ದೆಹಲಿಗೆ 8 ವಿಕೆಟ್ ಬಿದ್ದಾಗ ಇನ್ನೂ ನೂರಕ್ಕೂ ಹೆಚ್ಚು ರನ್ ಬಾಕಿ ಇತ್ತು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಎಂಬಿಬ್ಬರು ಬಂಡೆಗೆ ಅಂಟಿದ ಹಲ್ಲಿಯಂತೆ ನಿಂತುಬಿಟ್ಟರು. ದೆಹಲಿ 8 ವಿಕೆಟ್‌ಗೆ 707. ಎರಡೇ ರನ್ ಹೆಚ್ಚು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕಪ್ ಅವರ ಪಾಲಾಯಿತು. ಚಹಾದ ಬಾಕಿ ನನ್ನ ಪಾಲಿಗೆ ಉಳಿಯಿತು.

705 ಹೊಡೆದವರು ಸೋತರು ಎಂದು ಬರೆಯಲು ತಮ್ಮ ಪೆನ್ನಿಗೆ ಮನಸ್ಸು ಹೇಗೆ ಬಂತು? ಆದ್ದರಿಂದ ಮೊದಲ ಇನಿಂಗ್ಸ್ ಮುನ್ನಡೆಯ ನಿಯಮವನ್ನು ಪೂರ್ವಾನ್ವಯವಾಗಿ ರದ್ದುಪಡಿಸಿ, ಆ ವರ್ಷದ ಕಪ್ಪನ್ನು ಎರಡೂ ತಂಡಗಳಿಗೆ ಜಂಟಿಯಾಗಿ ಕೊಡಬೇಕು ಎಂದು ಈ ಅರ್ಜಿಯ ಮೊದಲ ಕರಡಿನಲ್ಲಿ ಬರೆದಿದ್ದೆ. ಪೂರ್ವನಿದರ್ಶನವೂ ಇತ್ತು. 1960ರಲ್ಲೂ 1982ರಲ್ಲೂ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಡುರಾಂಡ್ ಕಪ್ಪನ್ನು ಹಂಚಿಕೊಂಡಿವೆ.

ಕರಡನ್ನು ಅಂದವಾಗಿ ಬರೆದುಕೊಡು ಎಂದು ಹೈಸ್ಕೂಲಿನಲ್ಲಿರುವ ಮೊಮ್ಮಗಳ ಕೈಗೆ ಕೊಟ್ಟೆ. ಆಕೆಯ ಅಕ್ಷರ ದುಂಡಗೆ. ದುಃಖದ ಸಂಗತಿ ಎಂದರೆ ಲೆಕ್ಕವೂ ಚೊಕ್ಕ.

‘ಮುತ್ಯಾ, ಮುಂದಿನ ವರ್ಷ 82-83ರಾಗ ನಾವು ಬಾಂಬೆದವ್ರನ್ನ ಹೆಂಗ ಸೋಲ್ಸಿದ್ವಿ?’

‘ಮೊದಲ್ನೇ ಇನಿಂಗ್ಸ್ ಲೀಡ್ ಮ್ಯಾಲ’ ಎಂದೆ, ಹೆಮ್ಮೆಯಿಂದ.

‘ಮತ್ತ 73-74ರಾಗ ಸೆಮಿಫೈನಲ್?’

ನಾನು ಸುಮ್ಮನಾದೆ. ಆ ಸೆಮಿಫೈನಲ್ ನಮ್ಮ ಪಾಲಿನ ಪುರಾಣ. ಬೆಂಗಳೂರಿನಲ್ಲಿ ವಿಶ್ವನಾಥ್ 162 ಹೊಡೆದದ್ದು, ಪ್ರಸನ್ನ ಅವರ ಚೆಂಡು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದು, ವಾಡೇಕರ್ ರನೌಟ್ ಆದದ್ದು, ಹದಿನೈದು ವರ್ಷದ ಕೋಟೆ ಕುಸಿದದ್ದು ಎಲ್ಲವೂ ಅದರಲ್ಲೇ. ಪಂದ್ಯ ಡ್ರಾ ಆಗಿತ್ತು. ನಾವು ಫೈನಲ್‌ಗೆ ಹೋದದ್ದು ಮೊದಲ ಇನಿಂಗ್ಸ್ ಮುನ್ನಡೆಯಿಂದ.

‘ನೋಡ್ ಮುತ್ಯಾ, ಅರ್ಧಾ ಕಪ್ ತರಾಕ ಹೋಗಿ ಎರಡ್ ಕಪ್ ಕಳ್ಕೊಂಡ್ ಬರ್ತಿ’ ಎಂದು ಪೆನ್ನು ಮುಚ್ಚಿಟ್ಟಳು.

ಅರ್ಜಿಯ ಈ ಭಾಗವನ್ನು ವಾಪಸ್ ಪಡೆದಿದ್ದೇನೆ. ದಯವಿಟ್ಟು ಓದಿದ್ದನ್ನು ಮರೆಯಿರಿ.

ಎರಡನೇ ಕರಡಿನಲ್ಲಿ ಅನುಕಂಪದ ಮಾರ್ಗ ಹಿಡಿದೆ. ಸರ್ಕಾರದಲ್ಲಿ ಅನುಕಂಪದ ಆಧಾರದ ಮೇಲೆ ನೌಕರಿ ಇರುವಂತೆ ಅನುಕಂಪದ ಆಧಾರದ ಮೇಲೆ ಕಪ್ ಇರಲಿ. ಮೈಸೂರು 1941-42ರಲ್ಲೂ 1959-60ರಲ್ಲೂ ಫೈನಲ್‌ನಲ್ಲಿ ಬಾಂಬೆಗೆ ಸೋತಿದೆ, ಎರಡು ಸಲವೂ ಇನಿಂಗ್ಸ್ ಸೋಲು. ಇದಕ್ಕಿಂತ ದೊಡ್ಡ ಅನುಕಂಪ ಬೇಕೆ? ಅದೂ ಸಾಲದಿದ್ದರೆ ರಣಜಿಯ ಮೊಟ್ಟಮೊದಲ ಪಂದ್ಯವನ್ನೇ ನೆನೆಯಿರಿ. 1934ರ ನವೆಂಬರಿನಲ್ಲಿ ಚೆಪಾಕಿನಲ್ಲಿ ಮದ್ರಾಸಿನ ವಿರುದ್ಧ ಆಡಲು ಹೋದ ಮೈಸೂರಿನವರು ಒಂದೇ ದಿನದಲ್ಲಿ ಎರಡೂ ಇನಿಂಗ್ಸ್ ಮುಗಿಸಿ, ಸೋತು, ಸಂಜೆಯ ರೈಲು ಹಿಡಿಯುವಷ್ಟು ಬಿಡುವು ಮಾಡಿಕೊಂಡರು.

ಆದರೆ ಅನುಕಂಪದ ಸರದಿಯಲ್ಲಿ ನಮಗಿಂತ ಮುಂದೆ ರಾಜಸ್ಥಾನ ನಿಂತಿತ್ತು. 1960-61ರಿಂದ ಸತತ ನಾಲ್ಕು ಫೈನಲ್ ಸೋತವರು ಅವರು, ಎಲ್ಲವೂ ಬಾಂಬೆಗೆ. ಆಮೇಲೂ ಮೂರು ಸಲ ಅದೇ ಬಾಂಬೆಗೆ. ಇಷ್ಟೆಲ್ಲ ಉಂಡು, 1973-74ರಲ್ಲಿ ಬಾಂಬೆ ಫೈನಲ್‌ನಲ್ಲಿ ಇಲ್ಲ ಎಂದು ಗೊತ್ತಾದಾಗ ಅವರಿಗೆ ಎಷ್ಟು ಖುಷಿಯಾಗಿರಬೇಕು! ಜೈಪುರದಲ್ಲಿ, ಅವರದೇ ಅಂಗಳದಲ್ಲಿ ಫೈನಲ್. ಅಲ್ಲಿ ಅವರನ್ನು ಸೋಲಿಸಿದ ಕಟುಕರು ಯಾರು? ನಾವೇ. ಅನುಕಂಪ ಎಂದು ಶುರುಮಾಡಿದರೆ ಮೊದಲು ಕೈಬಿಡಬೇಕಾದದ್ದು ನಮ್ಮ ಮೊದಲ ಕಪ್. ಎರಡನೇ ಕರಡನ್ನೂ ಮಡಚಿಟ್ಟೆ.

ಮೂರನೆಯದು ಜಮಾಖರ್ಚಿನ ಮಾರ್ಗ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಗೆಲ್ಲಲು ಕರ್ನಾಟಕಕ್ಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. 331ಕ್ಕೆ ಎಲ್ಲರೂ ಔಟ್. ಮುಂಬಯಿಗೆ 6 ರನ್ ಗೆಲುವು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ಐಪಿಎಲ್ ತಂಡ ಪಂಜಾಬನ್ನು ಸೋಲಿಸಿ, 18ನೇ ವರ್ಷಕ್ಕೆ ‘ಈ ಸಲ’ ಎಂಬ ಮಾತನ್ನು ನಿಜ ಮಾಡಿತು. ಅದೂ 6 ರನ್. ಅಲ್ಲಿಯ ಆರನ್ನು ಇಲ್ಲಿಗೆ ವರ್ಗಾಯಿಸಿದರೆ ಮೈಸೂರಿನ ಲೆಕ್ಕ ಚುಕ್ತಾ ಆಗುತ್ತದೆ ಎಂದು ಬರೆಯಹೊರಟೆ.

ಬರೆಯಲು ಆಗಲಿಲ್ಲ. ಆ ಗೆಲುವಿನ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಪ್ ನೋಡಲು ಹೋದವರು. ಮಾನ್ಯರೇ, ತಮ್ಮ ಪುಸ್ತಕದಲ್ಲಿ ಹಿಂದಿನದನ್ನು ಅಳಿಸುವ ರಬ್ಬರೊಂದು ನಿಜವಾಗಿ ಇದ್ದರೆ ಮೊದಲು ಆ ಜೂನ್ 4ನ್ನು ಅಳಿಸಿ. ಕಪ್ ಬೇಕಾದರೆ ಪಂಜಾಬಿಗೇ ಇರಲಿ. ಅದು ಆಗದು ಎಂದಾದರೆ ಉಳಿದದ್ದನ್ನು ಅಳಿಸುವ ಮಾತು ಆಟದ ಮಾತೇ.

ಉಳಿದದ್ದು ಒಂದೇ ಮಾರ್ಗ, ಹೆಸರಿನದು. ಇದರಲ್ಲಿ ಮಾತ್ರ ನಮ್ಮ ಪಕ್ಷ ಗಟ್ಟಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು, ಅದೇ ಹಂಗಾಮಿನಲ್ಲಿ ಮೊದಲ ರಣಜಿ ಬಂತು. ಹೆಸರು ಬದಲಿಸಿದರೆ ಕಪ್ ಬರುತ್ತದೆ ಎನ್ನುವುದಕ್ಕೆ ಇನ್ನೇನು ಪುರಾವೆ ಬೇಕು? ನಮ್ಮ ಭಾಗಕ್ಕೂ 2019ರ ಸೆಪ್ಟೆಂಬರಿನಲ್ಲಿ ಹೆಸರು ಬದಲಾಯಿತು. ಹೈದರಾಬಾದ್ ಕರ್ನಾಟಕವಾಗಿ ಮಲಗಿದವರು ಕಲ್ಯಾಣ ಕರ್ನಾಟಕವಾಗಿ ಎದ್ದೆವು. ಸಂವಿಧಾನದ 371(ಜೆ) ಅಡಿಯಲ್ಲಿ ನೌಕರಿಗೂ ಸೀಟಿಗೂ ಪಾಲು ಇಟ್ಟಿದ್ದಾರೆ. ಕಪ್ ಎಂಬ ಶಬ್ದ ಸೇರಿಸಲು ಟೈಪಿಸ್ಟ್ ಮರೆತಿರಬೇಕು. ಹೆಸರು ಬಂದಾಗಿನಿಂದ ಕಲ್ಯಾಣಕ್ಕಾಗಿ ಕಾಯುತ್ತಿದ್ದೇವೆ. ಕಾಯುವುದು ನಮಗೆ ರೂಢಿ. ಹೆಬ್ಬಾತುಗಳಿಗೂ ಕಾಯುತ್ತೇವೆ, ಆದರೆ ಅವು ಬರುತ್ತವೆ.

ಇಷ್ಟು ಬರೆದಮೇಲೆ ಒಂದು ಹಳೆಯ ಸಂಗತಿ ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನನಗೆ ಹತ್ತು ವರ್ಷವಿದ್ದಾಗ ಜಾತ್ರೆಯಲ್ಲಿ ಕಾಯಿಕುಸ್ತಿಗೆ ಇಳಿದಿದ್ದೆ. ದೊಡ್ಡ ಪೈಲ್ವಾನರು ಬೆಳ್ಳಿ ಕಡಗಕ್ಕೆ ಹಿಡಿಯುವ ಮುಂಚೆ ಸಣ್ಣ ಹುಡುಗರು ತೆಂಗಿನಕಾಯಿಗೆ ಹಿಡಿಯುವ ಕುಸ್ತಿ ಅದು. ಎದುರಿಗೆ ನನ್ನ ಎತ್ತರದವನೇ, ಪಕ್ಕದ ಊರಿನ ಹುಡುಗ. ಹಲಗೆ ಬಡಿಯುತ್ತಿತ್ತು. ಅವನು ನನ್ನ ಕಾಲಿಗೆ ಕಾಲು ಕೊಟ್ಟು ಎಸೆದ. ಆಕಾಶ ಕಂಡಿತು. ಬೆನ್ನಿಗೆ ತಣ್ಣಗೆ ಮಣ್ಣು ಹತ್ತಿತು. ಪಂಚರೊಬ್ಬರು ನಮ್ಮಪ್ಪನ ಗೆಳೆಯರು. ನನ್ನ ಕಣ್ಣಲ್ಲಿ ನೀರು ಕಂಡರೋ ಏನೋ, ‘ಸಮ! ಜೋಡಿ ಸಮ!’ ಎಂದು ಕೂಗಿ ಕಾಯಿ ಒಡೆದು ಇಬ್ಬರಿಗೂ ಒಂದೊಂದು ಹೋಳು ಕೊಟ್ಟರು. ಜನ ಚಪ್ಪಾಳೆ ತಟ್ಟಿತು. ಆ ಹುಡುಗ ನನ್ನ ಮುಖ ನೋಡಲಿಲ್ಲ, ನನ್ನ ಬೆನ್ನು ನೋಡಿದ. ಹೋಳನ್ನು ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ‘ಗೆದ್ದೇನೋ?’ ಎಂದಳು. ಹೂಂ ಎಂದೆ. ಅವಳೂ ಬೆನ್ನು ಒರೆಸುತ್ತಿದ್ದಳು. ಅಂದಿನ ಚಟ್ನಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಬೇರೊಬ್ಬರಿಗೂ ಹೀಗೇ ಆಗಿದೆ ಎಂದು ಬಹಳ ವರ್ಷದ ಮೇಲೆ ತಿಳಿಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಡೆಕಾಥ್ಲಾನ್ ಗೆದ್ದದ್ದು ಜಿಮ್ ಥಾರ್ಪ್, ಅಮೆರಿಕದ ಮೂಲನಿವಾಸಿ, ಅದೇ ಕಾಲೇಜು ಫುಟ್‌ಬಾಲಿನ ದೊಡ್ಡ ಆಟಗಾರ. ಹಿಂದೆ ಹಣ ತೆಗೆದುಕೊಂಡು ಬೇಸ್‌ಬಾಲ್ ಆಡಿದ್ದ ಎಂಬ ಕಾರಣಕ್ಕೆ ಮರುವರ್ಷ ಪದಕ ಕಿತ್ತುಕೊಂಡು, ಎರಡನೆಯವನಾಗಿದ್ದ ಸ್ವೀಡನ್ನಿನ ಹ್ಯೂಗೋ ವೀಸ್ಲಾಂಡರ್‌ಗೆ ಕೊಟ್ಟರು. ಆ ಚಿನ್ನ ತನ್ನದೆಂದು ವೀಸ್ಲಾಂಡರ್ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. 1982ರಲ್ಲಿ ಇಬ್ಬರನ್ನೂ ಜಂಟಿ ವಿಜೇತರೆಂದು ಬರೆದರು. 2022ರಲ್ಲಿ ಥಾರ್ಪ್ ಒಬ್ಬನೇ ವಿಜೇತ ಎಂದು ತಿದ್ದಿದರು. ಕಸಿದುಕೊಂಡದ್ದನ್ನು ಹಿಂದಿರುಗಿಸುವ ತಿದ್ದುಪಡಿ ಬೇರೆ, ಸೋತವನ ಕಣ್ಣೊರೆಸಲು ಮಾಡುವ ತಿದ್ದುಪಡಿ ಬೇರೆ. ಮೊದಲನೆಯದಕ್ಕೆ 109 ವರ್ಷ ಬೇಕಾಯಿತು. ಎರಡನೆಯದು ಒಂದು ಕೂಗಿಗೆ ಆಗುತ್ತದೆ, ಅದಕ್ಕೇ ಅಗ್ಗ.

ಆದ್ದರಿಂದ ಮಾನ್ಯರೇ, ಮೇಲೆ ಕೋರಿದ ಹತ್ತೊಂಬತ್ತೂ ಕಪ್‌ಗಳ ಬೇಡಿಕೆಯನ್ನು ಈ ಮೂಲಕ ಕೈಬಿಡುತ್ತಿದ್ದೇನೆ. ಮುಂಬಯಿಯ 42 ಮುಂಬಯಿಯಲ್ಲೇ ಇರಲಿ. 707 ದೆಹಲಿಯದೇ ಇರಲಿ. ಆ ಎರಡು ರನ್ನಿನ ಉರಿ ಇಲ್ಲದಿದ್ದರೆ ಮರುವರ್ಷ ಬಾಂಬೆಗೇ ಹೋಗಿ ಬಾಂಬೆಯನ್ನು ಸೋಲಿಸಿ ಬರುತ್ತಿದ್ದೆವೋ ಇಲ್ಲವೋ. ನಿಮ್ಮ ಪುಸ್ತಕದ ಹಳೆಯ ಹಾಳೆಗಳನ್ನು ಮುಟ್ಟಬೇಡಿ. ನನ್ನ ತಕರಾರು ಇರುವುದು ಇನ್ನೂ ಬರೆಯದ ಹಾಳೆಗಳ ಬಗ್ಗೆ.

ನಮ್ಮ ಹುಡುಗರು ಜೋಳ ಕೊಯ್ದ ಹೊಲದಲ್ಲಿ ಆಡುತ್ತಾರೆ. ಎರೆಭೂಮಿ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು, ಅದರಲ್ಲಿ ಚೆಂಡು ಸಿಕ್ಕಿಕೊಂಡರೆ ಎರಡು ರನ್ ಎಂದು ಅವರದೇ ಕಾನೂನು. ಕೂಳೆಗೆ ತಗುಲಿದ ಚೆಂಡು ತಿರುಗುವ ತಿರುವು ಪ್ರಸನ್ನ ಅವರ ಕೈಗೂ ಸಿಗಲಿಕ್ಕಿಲ್ಲ. ಮಳೆ ಬಂತೆಂದರೆ ಮೈದಾನಕ್ಕೆ ಬಿತ್ತನೆಯಾಗುತ್ತದೆ. ಮೊಮ್ಮಗಳು ಎಡಗೈಯಲ್ಲಿ ಬೌಲ್ ಮಾಡುತ್ತಾಳೆ. ಎಷ್ಟು ವಿಕೆಟ್ ತೆಗೆದಳು ಎಂದು ಆಕೆಯೇ ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಂಡಿದ್ದಾಳೆ, ಸೋತ ಪಂದ್ಯಗಳನ್ನೂ ಬಿಡದೆ. ನಿಮ್ಮ ಕೆಲಸಕ್ಕೆ ತಕ್ಕ ಹುಡುಗಿ.

ಹಳೆಯ ಕಪ್ ಹಂಚಲು ಪೆನ್ನು ಸಾಕು. ಮೈದಾನಕ್ಕೆ ಜಾಗ ಬೇಕು, ರೋಲರ್ ಬೇಕು, ನೀರು ಹಾಕುವವನಿಗೆ ಪಗಾರ ಬೇಕು. ದಾಖಲೆ ಬರೆಯುವವರು ಮೈದಾನ ಮಾಡಿಕೊಡುವವರಲ್ಲ ಎಂದು ಗೊತ್ತು. ಆದರೆ ಸಂಬಂಧಪಟ್ಟವರಿಗೆ ಹೋದ ಅರ್ಜಿಗಳು ಏನಾದವೆಂದೂ ಗೊತ್ತಿರುವುದರಿಂದ ಸಂಬಂಧವಿಲ್ಲದವರಿಗೆ ಬರೆಯುತ್ತಿದ್ದೇನೆ. ಸಾಧ್ಯವಿದ್ದರೆ ಯಾರಿಗಾದರೂ ಹೇಳಿ ನಮ್ಮೂರಿಗೆ ಒಂದೆರಡು ಟ್ರ್ಯಾಕ್ಟರ್ ಒಳ್ಳೆಯ ಮಣ್ಣು ಹೊಡಿಸಿ. ಗೆದ್ದರೆ ನೀವೇ ಬರೆದುಕೊಳ್ಳುತ್ತೀರಿ. ಸೋತರೆ ಬೆನ್ನಿಗೆ ನಮ್ಮದೇ ಮಣ್ಣು ಹತ್ತುತ್ತದೆ, ಅದನ್ನು ಒರೆಸಿಕೊಳ್ಳಲು ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬೋನಾಳ ಕೆರೆ ದಂಡೆಯ ಒಬ್ಬ ಮುತ್ಯಾ

ಅಡಕ: ತೆಂಗಿನಕಾಯಿ ಅರ್ಧ ಹೋಳು, ಒಂದು. ಮೂಲ ವಾರಸುದಾರನಿಗೆ ತಲುಪಿಸಲು ಕೋರಿಕೆ.